ಸುಬೇದಾರ್ ಕುಕ್ಕಪ್ಪ ಗೌಡರ ತರ್ಜುಮೆ

ಕುಕ್ಕಪ್ಪ ಗೌಡರು ಮಿಲಿಟರಿ ಬಿಟ್ಟು ಊರಿಗೆ ಬಂದದ್ದು ಅರುವತ್ತೊಂಬತ್ತನೇ ಇಸವಿಯಲ್ಲಿ. ಅವರು ಮಿಲಿಟರಿ ಬಿಟ್ಟರೇ ಹೊರತು ಮಿಲಿಟರಿ ಅವರನ್ನು ಬಿಡಲಿಲ್ಲ. ಗುತ್ತಿಗಾರಿನಿಂದ ಎರಡು ಮೈಲು ಒಳಗಿನ ಅವರ ಮನೆಯಲ್ಲಿ ಬೆಳಿಗ್ಗೆ ಐದಕ್ಕೆ ಕ್ಷೌರ, ಐದೂವರೆಗೆ ಹಟ್ಟಿಯ ತಪಾಸಣೆ, ಆರಕ್ಕೆ ಚಹಾ. ಚಹಾ ಆರೂ ಐದಕ್ಕೆ ಬಂದರೆ ಆ ದಿನ ಪೂರ್ತಿ ಮುಖ ಗಂಟು. "ನಮ್ಮ ಮನೆಯ ದನಗಳೂ ಇವರನ್ನು ಕಂಡರೆ ಎದ್ದು ನಿಲ್ತವೆ" ಎಂದು ಹೆಂಡತಿ ಸೇವಂತಿ ನೆಂಟರೆದುರು ಹೇಳಿ ನಗುತ್ತಿದ್ದರು.

ಇಪ್ಪತ್ತಾರು ವರ್ಷದ ನೌಕರಿಯಲ್ಲಿ ಗೌಡರು ಬಂದೂಕು ಹಿಡಿದದ್ದಕ್ಕಿಂತ ಪೆನ್ನು ಹಿಡಿದದ್ದೇ ಹೆಚ್ಚು. ಆಫೀಸಿನ ಗುಮಾಸ್ತೆಯಾಗಿ ಸೇರಿ ಸುಬೇದಾರರಾಗಿ ನಿವೃತ್ತರಾದವರು. ಇಂಗ್ಲಿಷು, ಹಿಂದಿ ಎರಡೂ ನೀರು ಕುಡಿದಷ್ಟು ಸಲೀಸು. ಸುಳ್ಯದ ಸುತ್ತಮುತ್ತಲಿನ ಮಾಜಿ ಸೈನಿಕರಿಗೆ ಏನು ಅರ್ಜಿ ಬರೆಯಬೇಕಾದರೂ ಅವರ ಚಾವಡಿಯೇ ಗತಿ. ಆದರೆ ಒಂದು ಕಟ್ಟುನಿಟ್ಟು. ಕಾಗದದಲ್ಲಿ ಒಂದು ಅಕ್ಷರ ಸುಳ್ಳಿದ್ದರೆ ಅದಕ್ಕೆ ಅವರ ಸಹಿ ಇಲ್ಲ. ಸ್ವಂತ ಭಾವಮೈದ ದೇರಣ್ಣ ಮಿಲಿಟರಿಗೆ ಸೇರಲು ವಯಸ್ಸು ಒಂದು ವರ್ಷ ಕಡಿಮೆ ಬರೆಯಿರಿ ಎಂದು ಬೇಡಿಕೊಂಡಾಗ ಗೌಡರು ಆಗುವುದಿಲ್ಲ ಎಂದಿದ್ದರು. ದೇರಣ್ಣ ಒಂಬತ್ತು ವರ್ಷ ಆ ಮನೆಯ ಮೆಟ್ಟಿಲು ಹತ್ತಲಿಲ್ಲ, ಸೇವಂತಿ ತವರಿಗೆ ಒಬ್ಬರೇ ಹೋಗಿ ಬರುತ್ತಿದ್ದರು. ಗೌಡರಿಗೆ ಅದರ ಬಗ್ಗೆ ಬೇಸರವಿರಲಿಲ್ಲ, ಹೆಮ್ಮೆಯೇ ಇತ್ತು.

ಅವರು ಸಂತೋಷದಿಂದ ಸಹಿ ಹಾಕಿದ ಕಾಗದ ಒಂದಿತ್ತು. ಎಪ್ಪತ್ತನೇ ಇಸವಿಯಲ್ಲಿ ಕೆಳಗಿನ ಮನೆಯ ಕಮಲಾವತಿಯ ಮಗ ಮೇದಪ್ಪನಿಗೆ ಕೊಟ್ಟ ನಡತೆಯ ಸರ್ಟಿಫಿಕೇಟು. ಕಮಲಾವತಿ ವಿಧವೆ, ಮೇದಪ್ಪ ಒಬ್ಬನೇ ಮಗ. ಹುಡುಗನನ್ನು ಮಂಗಳೂರಿಗೆ ಕರೆದುಕೊಂಡು ಹೋಗಿ ಭರ್ತಿ ಮಾಡಿಸಿದವರೂ ಗೌಡರೇ. ಮರುವರ್ಷವೇ ಯುದ್ಧ ಬಂತು. ಲಾರಿ ಡ್ರೈವರಾಗಿದ್ದ ಮೇದಪ್ಪ ಟಯರು ಒಡೆದ ಗಾಡಿಯಲ್ಲಿ ಒಂಬತ್ತು ಮಂದಿ ಗಾಯಾಳುಗಳನ್ನು ಗುಂಡಿನ ನಡುವೆ ಹೊತ್ತು ತಂದು ಆಸ್ಪತ್ರೆ ಮುಟ್ಟಿಸಿದ. ಅದಕ್ಕೆ ಸಿಕ್ಕಿದ ಪ್ರಶಂಸಾಪತ್ರಕ್ಕೆ ಕಮಲಾವತಿ ಪುತ್ತೂರಿನಲ್ಲಿ ಕಟ್ಟು ಹಾಕಿಸಿ ದೇವರ ಫೋಟೊದ ಪಕ್ಕ ತೂಗುಹಾಕಿದ್ದಳು. ಗೌಡರು ಆ ಮನೆಗೆ ಹೋದಾಗಲೆಲ್ಲ ಮೊದಲು ಅದನ್ನು ಓದಿ, ಆಮೇಲೆಯೇ ಕೂರುತ್ತಿದ್ದರು.

ಎಂಬತ್ತೊಂದನೇ ಇಸವಿ, ದೀಪಾವಳಿಗೆ ಹತ್ತು ದಿನ ಇರುವಾಗ, ಮಿಲಿಟರಿ ಸಮವಸ್ತ್ರದವನೊಬ್ಬ ಗುತ್ತಿಗಾರಿನಲ್ಲಿ ಬಸ್ಸಿಳಿದು ದಾರಿ ಕೇಳುತ್ತ ಗೌಡರ ಅಂಗಳಕ್ಕೆ ಬಂದ. ಹೆಸರು ಹರಕ್ ಸಿಂಗ್, ನಾಯಬ್ ಸುಬೇದಾರ್, ಗಢವಾಲದವನು. ಸೆಲ್ಯೂಟು ಹೊಡೆದು ಅರಗಿನ ಮುದ್ರೆ ಒತ್ತಿದ ಲಕೋಟೆಯೊಂದನ್ನು ಕೊಟ್ಟ. ಗೌಡರ ಎದೆ ಉಬ್ಬಿತು. ಹನ್ನೆರಡು ವರ್ಷದ ಮೇಲೆ ಸರಕಾರಕ್ಕೆ ತನ್ನ ನೆನಪಾಯಿತಲ್ಲ ಎಂದುಕೊಂಡು ಹುಕುಂ ಓದಿದರು.

ಒಳಗೆ ಏಳು ಕಾಗದಗಳಿದ್ದವು. ಝಾನ್ಸಿಯ ಒಂದು ಕಂಪನಿಯಲ್ಲಿ ಪೆಟ್ಟಿಗೆ ತಪಾಸಣೆ ಮಾಡುವಾಗ ಲಾನ್ಸ್ ನಾಯಕ್ ಅಚ್ಚುತ ಎಂಬವನ ಪೆಟ್ಟಿಗೆಯಲ್ಲಿ ಸಿಕ್ಕಿದವು. ಬರೆದವನು ಅಸ್ಸಾಮಿನಲ್ಲಿರುವ ಇನ್ನೊಬ್ಬ ಡ್ರೈವರ್. ಮೊದಲು ಶತ್ರುಗಳ ಗುಪ್ತ ಸಂದೇಶವೋ ಎಂದು ಸಂಶಯಪಟ್ಟರಂತೆ. ಧಾರವಾಡದ ಗುಮಾಸ್ತೆಯೊಬ್ಬನಿಗೆ ತೋರಿಸಿದರೆ, "ಅಕ್ಷರ ಕನ್ನಡದ್ದೇ ಸಾಹೇಬ್ರೆ, ಆದರೆ ಕನ್ನಡ ಅಲ್ಲ" ಎಂದನಂತೆ. ಕೊನೆಗೆ ಅವರ ತಾಲೂಕಿನ ಹೆಸರು ಹಿಡಿದು ಹುಡುಕಿ, ಈ ಭಾಷೆಯೂ ಇಂಗ್ಲಿಷೂ ಎರಡೂ ಬಲ್ಲ ನಿವೃತ್ತ ಅಧಿಕಾರಿ ಎಂದು ಕುಕ್ಕಪ್ಪ ಗೌಡರ ಹೆಸರು ಆರಿಸಿದ್ದರು. ಇಂಗ್ಲಿಷಿಗೆ ತರ್ಜುಮೆ ಮಾಡಿ, ಟೈಪು ಹೊಡೆದು, ಪ್ರತಿ ಪುಟಕ್ಕೂ ಸಹಿ ಹಾಕಿ ಮೂರು ದಿನದಲ್ಲಿ ಹರಕ್ ಸಿಂಗನ ಕೈಗೆ ಕೊಡಬೇಕು.

ಅದು ಅರೆಭಾಷೆ. ಸುಳ್ಯದ ಗೌಡರ, ಮಡಿಕೇರಿ ಕಡೆಯ ಗೌಡರ ಮನೆಮಾತು. ಕನ್ನಡಕ್ಕೆ ಹತ್ತಿರದ ನೆಂಟನೇ, ಆದರೆ ಬಾಯಲ್ಲಿ ಮಾತ್ರ ಇರುವಂಥದ್ದು. ಬರೆಯಲು ಕೂತರೆ ಎಲ್ಲರ ಕೈಯೂ ತಾನಾಗಿ ಶಾಲೆಯ ಕನ್ನಡಕ್ಕೆ ತಿರುಗುತ್ತದೆ. ಗೌಡರು ಐವತ್ತೊಂಬತ್ತು ವರ್ಷದಲ್ಲಿ ತನ್ನ ಅಮ್ಮನ ಮಾತನ್ನು ಕಾಗದದ ಮೇಲೆ ಕಂಡದ್ದು ಅದೇ ಮೊದಲು. ಬರೆದವನ ಧೈರ್ಯ ಏನೆಂದು ಅವರಿಗೆ ಗೊತ್ತಾಯಿತು. ಇಡೀ ಮಿಲಿಟರಿಯಲ್ಲಿ ಇದನ್ನು ಓದುವವರು ಯಾರೂ ಇಲ್ಲ ಎಂಬ ಭರವಸೆಯಿಂದ ಮನಸ್ಸು ಬಿಚ್ಚಿ ಬರೆದಿದ್ದ. ಕೊನೆಯಲ್ಲಿದ್ದ ಸಹಿ ನೋಡಿದರು. ಮೇದಪ್ಪ.

"ಇವನನ್ನು ಗೊತ್ತಾ ಸಾಬ್?" ಎಂದು ಹರಕ್ ಸಿಂಗ್ ಹಿಂದಿಯಲ್ಲಿ ಕೇಳಿದ.

ಗೊತ್ತು, ನಾನೇ ಭರ್ತಿ ಮಾಡಿಸಿದ್ದು, ಆದ್ದರಿಂದ ಈ ಕೆಲಸ ಬೇರೆಯವರಿಗೆ ಕೊಡಿ ಎಂದು ಹೇಳಬೇಕಾದದ್ದು ನಿಯಮ. ಗೌಡರಿಗೆ ಆ ನಿಯಮದ ಪುಟಸಂಖ್ಯೆಯೂ ಬಾಯಿಪಾಠ.

"ಇಲ್ಲ. ಈ ಕಡೆ ಮೇದಪ್ಪ ಎಂಬ ಹೆಸರು ಬೇಕಾದಷ್ಟಿದೆ" ಎಂದರು.

ಆ ಮಾತು ಬಾಯಿಂದ ಹೇಗೆ ಬಿತ್ತೆಂದು ಅವರಿಗೇ ತಿಳಿಯಲಿಲ್ಲ.

ಹರಕ್ ಸಿಂಗ್ ಉಳಿಯಲು ಸುಳ್ಯದಲ್ಲಿ ಲಾಡ್ಜು ಹುಡುಕುತ್ತೇನೆಂದ. ಗೌಡರು ಬಿಡಲಿಲ್ಲ, ಮನೆಗೆ ಬಂದವನನ್ನು ಲಾಡ್ಜಿಗೆ ಕಳಿಸುವ ಪದ್ಧತಿ ಆ ಮನೆಯಲ್ಲಿರಲಿಲ್ಲ. ಹಾಗೆ ಆ ಮನುಷ್ಯ ಚಾವಡಿಯ ಬೆಂಚಿನ ಮೇಲೆ ಬೇರೂರಿದ. ಕಾಗದಗಳ ಮೇಲೆ ಅವನ ಕಣ್ಣು, ಅವನ ಮೇಲೆ ಗೌಡರ ಕಣ್ಣು.

ಮಧ್ಯಾಹ್ನ ಉಂಡು ಹರಕ್ ಸಿಂಗ್ ಬೆಂಚಿನಲ್ಲೇ ಒರಗಿದಾಗ ಗೌಡರು ಒಳಕೋಣೆಗೆ ಹೋಗಿ ಕನ್ನಡಕ ಹಾಕಿದರು. ಅರೆಭಾಷೆ ಕಣ್ಣಿನಲ್ಲಿ ಓದಿದರೆ ಹತ್ತುವುದಿಲ್ಲ, ಬಾಯಿಬಿಟ್ಟು ಓದಬೇಕು. ತಗ್ಗಿದ ದನಿಯಲ್ಲಿ ಓದತೊಡಗಿದರು.

ಮೊದಲೆಲ್ಲ ದಿನದ ಸಮಾಚಾರ. ಚಳಿಗೆ ಬೆಳಿಗ್ಗೆ ಗಾಡಿ ಸ್ಟಾರ್ಟು ಆಗುವುದಿಲ್ಲ. ಮೆಸ್ಸಿನ ದಾಲಿಗೆ ರುಚಿಯಿಲ್ಲ. ಆಮೇಲೆ ಒಂದು ಸಾಲು: ಎಂಜಿನ್ನಿನ ಮೇಲೆ ಅಂಗೈ ಇಟ್ಟು ಬಿಸಿ ಮಾಡಿಕೊಳ್ಳುವಾಗ ನಿನ್ನ ಕೈಯದೇ ನೆನಪು. ಇನ್ನೊಂದು ಕಾಗದದಲ್ಲಿ: ರಜೆಯಲ್ಲಿ ಅಮ್ಮ ಹೆಣ್ಣು ತೋರಿಸುತ್ತಾಳೆ, ನಾನು ಬೇಡ ಎನ್ನುತ್ತೇನೆ, ಯಾಕೆ ಎಂದು ಕೇಳುತ್ತಾಳೆ, ಅವಳಿಗೆ ಸುಳ್ಳು ಹೇಳಿ ಹೇಳಿ ಸಾಕಾಗಿದೆ. ಮತ್ತೊಂದರಲ್ಲಿ: ಪಿಂಚಣಿ ಆದ ಮೇಲೆ ಸುಳ್ಯದಲ್ಲಿ ಒಂದು ಜೀಪು ತೆಗೆಯುವಾ, ಇಬ್ಬರೂ ಓಡಿಸುವಾ, ಜನ ಕೇಳಿದರೆ ಪಾರ್ಟ್ನರು ಎನ್ನುವಾ. ಏಳನೆಯದರ ಕೊನೆಗೆ, "ನಿನ್ನ ಬಿಟ್ಟ್ ನಂಗೆ ಬೇರೆ ಯಾರೂ ಇಲ್ಲೆ."

ಗೌಡರ ಕಿವಿ ಬಿಸಿಯಾಯಿತು. ಮಿಲಿಟರಿಯಲ್ಲಿ ಇಂಥ ಸಂಗತಿ ಕೇಳದವರೇನಲ್ಲ. ಕೇಳಿದಾಗ ಎಲ್ಲರೂ ಉಗುಳಿದ ಹಾಗೆ ಅವರೂ ಉಗುಳಿದ್ದರು. ಕಾಯ್ದೆ ಏನು ಹೇಳುತ್ತದೆಂದೂ ಗೊತ್ತು. ನಾಚಿಕೆಗೇಡಿನ ನಡತೆ ಎಂಬ ಕಲಮು, ಕೋರ್ಟ್ ಮಾರ್ಷಲ್ ಆದರೆ ಜೈಲು, ಇಲ್ಲವಾದರೆ ವಜಾ. ತಾನು ಈ ಏಳು ಕಾಗದ ಇದ್ದದ್ದು ಇದ್ದ ಹಾಗೆ ಇಂಗ್ಲಿಷಿಗೆ ಇಳಿಸಿದರೆ ಕೆಳಗಿನ ಮನೆಯ ಹುಡುಗ ಮುಗಿದ.

ಬಾಗಿಲ ಬಳಿ ಮೂಗು ಎಳೆದ ಸದ್ದಾಯಿತು. ಸೇವಂತಿ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದರು.

"ಎಷ್ಟು ಚಂದ ಬರೆದಿದ್ದಾನೆ ಮಾರಾಯ್ರೆ" ಎಂದರು. "ನೀವು ನನಗೆ ಇಪ್ಪತ್ತಾರು ವರ್ಷ ಕಾಗದ ಹಾಕಿದಿರಿ. ಒಂದೇ ನಮೂನೆ. ನಾನು ಕ್ಷೇಮ, ನಿನ್ನ ಕ್ಷೇಮಕ್ಕೆ ಬರೆಯುತ್ತಿರುವುದು. ಕೆಳಗೆ ಸಹಿ, ನಂಬರು. ಒಂದು ದಿನ ಆದರೂ ನಮ್ಮ ಮಾತಿನಲ್ಲಿ ಬರೆದದ್ದುಂಟಾ? ಇವನ ಹೆಂಡತಿ ಪುಣ್ಯ ಮಾಡಿದವಳು."

"ಹೆಂಡತಿ ಅಲ್ಲ. ಸುಮ್ಮನಿರು."

"ಮತ್ತೆ ಯಾರು? ಗೊತ್ತು ಮಾಡಿದ ಹುಡುಗಿಯಾ?"

"ಹುಡುಗ" ಎಂದರು ಗೌಡರು. "ಬರೆದದ್ದು ನಮ್ಮ ಮೇದಪ್ಪ."

ಸೇವಂತಿಯ ಸೆರಗು ಕಣ್ಣಿನ ಬಳಿಯೇ ನಿಂತಿತು. ಹೊರಗೆ ಹರಕ್ ಸಿಂಗ್ ಕೆಮ್ಮಿದ. ಆಮೇಲೆ ಸೇವಂತಿ ತಗ್ಗಿದ ದನಿಯಲ್ಲಿ ಕೇಳಿದರು:

"ಇದನ್ನು ನೀವು ಹೀಗೆಯೇ ಬರೆದು ಕೊಡ್ತೀರಾ?"

"ಕೊಡದೆ? ನನ್ನ ಸಹಿ ಬೀಳ್ತದೆ ಅದರ ಕೆಳಗೆ."

"ದೇರಣ್ಣನ ವಯಸ್ಸಿಗೆ ಹೀಗೆಯೇ ಹೇಳಿದಿರಿ" ಎಂದು ಸೇವಂತಿ ಒಳಗೆ ಹೋದರು. ಆ ಸಂಜೆ ಅಡುಗೆಮನೆಯಲ್ಲಿ ಪಾತ್ರೆಗಳ ಸದ್ದು ಜೋರಾಗಿತ್ತು.

ಮರುದಿನ ಬೆಳಿಗ್ಗೆ ಆಗಬಾರದೆಂದುಕೊಂಡದ್ದು ಆಯಿತು. ಮಿಲಿಟರಿಯವನು ಬಂದಿದ್ದಾನೆ ಎಂಬ ಸುದ್ದಿ ಊರಲ್ಲಿ ನಿಲ್ಲುವುದುಂಟೇ? ಕಮಲಾವತಿ ಒಗೆದ ಸೀರೆ ಉಟ್ಟು, ಹಲಸಿನ ಹಪ್ಪಳದ ಕಟ್ಟೊಂದನ್ನು ಕಂಕುಳಲ್ಲಿ ಇಟ್ಟುಕೊಂಡು ಮೇಲೆ ಹತ್ತಿ ಬಂದಳು. ಬಂದವಳೇ ಹರಕ್ ಸಿಂಗನಿಗೆ ಎರಡೂ ಕೈ ಮುಗಿದಳು.

"ಸುಬೇದಾರ್ರೆ, ಇವರು ನನ್ನ ಮಗ ಮೇದಪ್ಪನ ಕಡೆಯವರಾ? ಎರಡು ತಿಂಗಳಿಂದ ಅವನ ಕಾಗದ ಇಲ್ಲ. ಹೇಗಿದ್ದಾನೆ ಅಂತ ಕೇಳಿ. ನನಗೆ ಇವರ ಮಾತು ಬರುದಿಲ್ಲ."

ಹರಕ್ ಸಿಂಗನಿಗೆ ಅವಳ ಮಾತು ಅರ್ಥವಾಗದಿದ್ದರೂ "ಮೇದಪ್ಪ" ಎಂಬ ಹೆಸರು ಕಿವಿಗೆ ಬಿತ್ತು. ನಿಧಾನವಾಗಿ ಗೌಡರ ಕಡೆ ತಿರುಗಿದ. ಗೌಡರು ತನ್ನ ಜೀವಮಾನದಲ್ಲಿ ಅಷ್ಟು ಸಣ್ಣವರಾದದ್ದಿಲ್ಲ.

"ತಾಯಿಯಾ?" ಎಂದ ಹರಕ್ ಸಿಂಗ್.

"ಹೌದು. ಮಗ ಹೇಗಿದ್ದಾನೆ ಎಂದು ಕೇಳುತ್ತಿದ್ದಾಳೆ."

"ಕಾವಲುಕೋಣೆಯಲ್ಲಿ ಇಟ್ಟಿದ್ದಾರೆ ಎಂದು ಹೇಳಿ. ಬೆಲ್ಟು, ಟೋಪಿ ಎರಡನ್ನೂ ತೆಗೆಸಿದ್ದಾರೆ. ತಾಯಿಗೆ ಸುಳ್ಳು ಹೇಳಬಾರದು."

ಕಮಲಾವತಿ ಇಬ್ಬರ ಬಾಯನ್ನೂ ನೋಡುತ್ತಿದ್ದಳು. ಸೇವಂತಿ ಒಳಬಾಗಿಲಲ್ಲಿ ಬಂದು ನಿಂತರು. ಗೌಡರು ಕಮಲಾವತಿಯ ಕಡೆ ತಿರುಗಿದರು.

"ಚೆನ್ನಾಗಿದ್ದಾನಂತೆ ಕಮಲಾವತಿ. ಕೆಲಸ ಜಾಸ್ತಿಯಂತೆ. ಅದಕ್ಕೆ ಬರೆಯಲು ಪುರುಸೊತ್ತಿಲ್ಲ."

ಅವಳ ಮುಖ ಅರಳಿದ್ದನ್ನು ಹರಕ್ ಸಿಂಗ್ ನೋಡಿದ. ಅವನಿಗೆ ತರ್ಜುಮೆಯ ತರ್ಜುಮೆ ಬೇಕಾಗಲಿಲ್ಲ. ಹಪ್ಪಳದ ಕಟ್ಟನ್ನು ಎರಡೂ ಕೈಯಲ್ಲಿ ತೆಗೆದುಕೊಂಡು ಹಣೆಗೆ ಮುಟ್ಟಿಸಿದ. ಅವಳು ಗದ್ದೆಬದಿ ಇಳಿದು ಕಾಣದಾದ ಮೇಲೆ ಬಾಯಿ ತೆರೆದ.

"ಸುಬೇದಾರ್ ಸಾಬ್, ನಿಮಗೆ ಅವನು ಗೊತ್ತಿಲ್ಲ ಎಂದಿರಿ."

ಗೌಡರು ಲಕೋಟೆಯ ಮುರಿದ ಅರಗನ್ನು ಉಗುರಿನಿಂದ ಕೆರೆದರು.

"ನಾನು ಇದನ್ನು ಮೇಲೆ ತಿಳಿಸಬೇಕು. ತಿಳಿಸಿದರೆ ಕಾಗದ ಮಡಿಕೇರಿಗೆ ಹೋಗುತ್ತದೆ, ಅಲ್ಲಿ ಯಾರಾದರೂ ಓದುತ್ತಾರೆ." ಬೂಟಿನ ಲೇಸು ಬಿಚ್ಚಿ ಮತ್ತೆ ಕಟ್ಟಿದ. "ಆ ಹುಡುಗ ನನ್ನ ಕಂಪನಿಯವನು. ಹೋದ ವರ್ಷ ಗುಡ್ಡ ಜರಿದಾಗ ಬೇರೆ ಡ್ರೈವರುಗಳು ಗಾಡಿ ಬಿಟ್ಟು ಓಡಿದರು, ಅವನು ಓಡಲಿಲ್ಲ. ನಾನು ಆ ಗಾಡಿಯ ಹಿಂದೆ ಕೂತಿದ್ದೆ. ಆದರೆ ಅವನ, ಆ ಅಚ್ಚುತನ ಬಗ್ಗೆ ಕಂಪನಿಯಲ್ಲಿ ಈಗಲೇ ಗುಸುಗುಸು ಇದೆ. ಇಂಥವನೆಂದು ಗೊತ್ತಾದ ಮೇಲೆ ಅವನ ಪಕ್ಕದ ಮಂಚದಲ್ಲಿ ಮಲಗಲು ನಮ್ಮವರು ಒಪ್ಪುತ್ತಾರೆಯೇ? ನಾನೇ ಒಪ್ಪುತ್ತೇನೆಯೇ? ಗೊತ್ತಿಲ್ಲ." ಎದ್ದು ನಿಂತ. "ನಾನು ಇಂಗ್ಲಿಷು ಕಲಿತವನಲ್ಲ. ನೀವು ಕೊಟ್ಟದ್ದನ್ನು ಕೊಂಡುಹೋಗಿ ಕೊಡುವುದು ಮಾತ್ರ ನನ್ನ ಕೆಲಸ."

ಮೂರನೇ ದಿನ ಇಬ್ಬರೂ ಬೆಳಗಿನ ಬಸ್ಸಿಗೆ ಪುತ್ತೂರಿಗೆ ಹೊರಟರು. ಅಲ್ಲಿನ ದರ್ಬೆಯಲ್ಲಿ ಗೌಡರ ಪರಿಚಯದ ಶೀನಪ್ಪನವರ ಟೈಪಿಂಗ್ ಶಾಲೆ ಇತ್ತು. ಅಂಗಡಿ ಸಾಲಿನ ಮೇಲಿನ ಒಂದೇ ಕೋಣೆ, ಎಂಟು ಯಂತ್ರ, ಪರೀಕ್ಷೆಗೆ ಕೂರುವ ಹುಡುಗಿಯರ ಗಲಗಲ. ಶೀನಪ್ಪ ಮೂಲೆಯ ಒಳ್ಳೆಯ ಯಂತ್ರ ಬಿಟ್ಟುಕೊಟ್ಟರು. ಹರಕ್ ಸಿಂಗ್ ಪಕ್ಕದ ಕುರ್ಚಿಯಲ್ಲಿ ಬೆನ್ನು ನೆಟ್ಟಗೆ ಮಾಡಿ ಕುಳಿತ. ಗೌಡರ ಕಿಸೆಯಲ್ಲಿ ಹಿಂದಿನ ದಿನ ಬರೆದ ಕರಡು ಇತ್ತು. ಅದರಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ. ಅಂಗೈಯ ಬಿಸಿ, ಜೀಪು, ಬೇರೆ ಯಾರೂ ಇಲ್ಲ ಎಂಬ ಸಾಲು, ಎಲ್ಲವೂ ಇತ್ತು.

ಕರಡನ್ನು ಯಂತ್ರದ ಪಕ್ಕ ಹರಡಿದರು. ಕಾರ್ಬನ್ ಇಟ್ಟು ಕಾಗದ ಏರಿಸಿದರು. ಚಳಿಯ ಸಂಗತಿ ಟೈಪಾಯಿತು, ದಾಲಿನ ಸಂಗತಿಯೂ ಆಯಿತು. ಅಂಗೈಯ ಸಾಲು ಬಂದಾಗ ಬೆರಳು ನಿಂತಿತು. ಇಪ್ಪತ್ತಾರು ವರ್ಷದಲ್ಲಿ ಆ ಬೆರಳು ಹಾಗೆ ನಿಂತದ್ದಿಲ್ಲ. ಹುಡುಗಿಯರೆಲ್ಲ ಒಂದೇ ಸಮನೆ ಬಡಿಯುತ್ತಿದ್ದರು. ಹರಕ್ ಸಿಂಗ್ ಕಿಟಕಿಯಾಚೆ ನೋಡುತ್ತಿದ್ದ. ಬೇಕೆಂದೇ ನೋಡುತ್ತಿದ್ದಾನೆ ಎಂದು ಗೌಡರಿಗೆ ಅನಿಸಿತು. ಕಮಲಾವತಿಯ ಗೋಡೆಯ ಮೇಲಿನ ಕಟ್ಟು ಹಾಕಿದ ಕಾಗದ ಕಣ್ಣಮುಂದೆ ಬಂತು. ಗೌಡರು ಅಂಗೈಯ ಸಾಲನ್ನು ಬಿಟ್ಟು ಮುಂದಿನದಕ್ಕೆ ಹೋದರು.

ಒಮ್ಮೆ ಬಿಟ್ಟ ಮೇಲೆ ಕೈ ಓಡಿತು. ಹೆಣ್ಣು ಬೇಡ ಎಂದದ್ದು, ಬಡ್ತಿ ಸಿಗುವವರೆಗೆ ಮದುವೆ ಬೇಡ ಎಂದಾಯಿತು. ನಿನ್ನ ನೆನಪು ಎಂದದ್ದು ಊರಿನ ನೆನಪಾಯಿತು. ಕೊನೆಯ ಸಾಲಿನ ಜಾಗದಲ್ಲಿ, ಹಿರಿಯರಿಗೆ ನಮಸ್ಕಾರ ತಿಳಿಸು ಎಂದು ಹೊಡೆದರು. ಏಳು ಕಾಗದಕ್ಕೆ ಆರು ಪುಟ. ಪ್ರತಿ ಪುಟದ ಕೆಳಗೆ, ಮೇಲಿನದು ನಿಜವಾದ ಮತ್ತು ಪೂರ್ಣವಾದ ತರ್ಜುಮೆ ಎಂದು ದೃಢೀಕರಿಸುತ್ತೇನೆ ಎಂಬ ಸಾಲು. ಕೆಳಗೆ ಸಹಿ ಹಾಕಿದರು, ನಂಬರು ಹಾಕಿದರು. ಆರು ಸಲ.

"ಸರಿಯಾಗಿದೆಯಾ?" ಎಂದು ಹರಕ್ ಸಿಂಗ್ ಕೇಳಿದ.

"ಸರಿಯಾಗಿದೆ."

ಹರಕ್ ಸಿಂಗ್ ಲಕೋಟೆಗೆ ಗೋಂದು ಹಚ್ಚಿದ. ಮಂಗಳೂರಿನ ಬಸ್ಸು ಹತ್ತುವಾಗ ಸೆಲ್ಯೂಟು ಹೊಡೆದ. ಗೌಡರು ವಾಪಸು ಹೊಡೆದರು, ಆದರೆ ಕೈ ಹಣೆಗೆ ಸರಿಯಾಗಿ ಮುಟ್ಟಲಿಲ್ಲ.

ಆಮೇಲಿನ ಎರಡು ತಿಂಗಳು ಗೌಡರು ನಿದ್ದೆ ಮಾಡಿದ್ದು ಅಷ್ಟಕ್ಕಷ್ಟೇ. ಪೋಸ್ಟ್‌ಮ್ಯಾನ್ ಮಾಯಿಲಪ್ಪನ ಸೈಕಲ್ ಗಂಟೆ ಕೇಳಿದರೆ ಎದ್ದು ಅಂಗಳಕ್ಕೆ ಬರುತ್ತಿದ್ದರು. ಹಟ್ಟಿಯ ತಪಾಸಣೆ ತಪ್ಪಿತು. ಒಂದು ದಿನ ಚಹಾ ಆರೂವರೆಗೆ ಬಂದರೂ ಕೇಳಲಿಲ್ಲ. ಆದರೆ ಒಳಗೊಳಗೆ ಒಂದು ಸಮಾಧಾನ ಇತ್ತು, ಹೆಸರು ಹೋದರೆ ತನ್ನದು ಹೋಗಲಿ, ಹುಡುಗನ ಸಮವಸ್ತ್ರ ಉಳಿಯಿತಲ್ಲ ಎಂದು. ಸೇವಂತಿ ಈಗ ಅವರ ತಟ್ಟೆಗೆ ಎರಡನೇ ಸಲ ಕೇಳದೆಯೇ ಬಡಿಸುತ್ತಿದ್ದರು.

ಜನವರಿ ಮೊದಲ ವಾರ ಸರಕಾರಿ ಕಾಗದ ಬಂತು. ತಾವು ಸಲ್ಲಿಸಿದ ತರ್ಜುಮೆ ಉದ್ದೇಶಪೂರ್ವಕವಾಗಿ ತಪ್ಪೆಂದು ಕಂಡುಬಂದಿದೆ, ತಮ್ಮ ಹಿರಿತನವನ್ನು ಪರಿಗಣಿಸಿ ಕ್ರಮ ಕೈಗೊಂಡಿಲ್ಲ, ಇನ್ನು ಮುಂದೆ ತಮ್ಮ ಸಹಿಯನ್ನು ಯಾವ ದಾಖಲೆಗೂ ಸ್ವೀಕರಿಸಲಾಗದು. ಗೌಡರು ನಿಂತಲ್ಲೇ ಎರಡು ಸಲ ಓದಿದರು. ಅದಾಗಿ ಮೂರನೇ ದಿನಕ್ಕೆ ಮೇದಪ್ಪ ಬಂದ. ಭುಜದ ಮೇಲೆ ಹಾಸಿಗೆಯ ಸುರುಳಿ, ಮೈಮೇಲೆ ಸಾದಾ ಅಂಗಿ.

ಗೌಡರು ಕೆಳಗಿನ ಮನೆಗೆ ಹೋಗಲಿಲ್ಲ. ಯಾರು ಹೇಳಿಕೊಟ್ಟರು, ಹರಕ್ ಸಿಂಗನೋ, ಮಡಿಕೇರಿಯವನು ಯಾರೋ ಎಂದು ತಲೆ ಕೆಡಿಸಿಕೊಂಡು ಕೂತರು. ಮರುದಿನ ಬೆಳಿಗ್ಗೆ ಮೇದಪ್ಪನೇ ಚಾವಡಿಗೆ ಬಂದು ಕಂಬಕ್ಕೆ ಒರಗಿ ನಿಂತ.

"ಯಾರು ಹೇಳಿದ್ದು?" ಎಂದು ಗೌಡರು ನೇರವಾಗಿ ಕೇಳಿದರು.

"ನಾನೇ ಮಾವ."

ಗೌಡರಿಗೆ ಸಿಟ್ಟು ನೆತ್ತಿಗೇರಿತು. "ನಿನಗೆ ತಲೆ ಸಮ ಉಂಟಾ? ನನ್ನ ಇಪ್ಪತ್ತಾರು ವರ್ಷದ ಹೆಸರನ್ನು ನಿನಗೋಸ್ಕರ ಹೊಂಡಕ್ಕೆ ಹಾಕಿದೆ! ಹೌದು ಅಂತ ಒಂದು ಮಾತು ಹೇಳಲಿಕ್ಕೆ ನಿನಗೆ ಎಂತ ಧಾಡಿ?"

"ಅಲ್ಲಿ ಎಲ್ಲ ಮುಗಿದಿತ್ತು ಮಾವ" ಎಂದ ಮೇದಪ್ಪ. "ಕರ್ನಲ್ ಸಾಹೇಬರು ಒಳ್ಳೆಯವರು. ನಿಮ್ಮ ತರ್ಜುಮೆಯನ್ನು ಹಿಂದಿಯಲ್ಲಿ ಓದಿ ಹೇಳಿದರು. ಓದ್ತಾ ಓದ್ತಾ ಅವರಿಗೇ ಖುಷಿ ಆಯಿತು. ಬರೀ ಇಷ್ಟಕ್ಕಾ ಇಷ್ಟು ಗಲಾಟೆ ಅಂದರು. ಪೆನ್ನಿಗೆ ಮುಚ್ಚಳ ಹಾಕಿಯೂ ಆಗಿತ್ತು. ನೀನು ಬರೆದದ್ದು ಇದೇ ಅಲ್ಲವಾ, ಹೌದು ಅನ್ನು, ಹೋಗು ಅಂದರು."

"ಮತ್ತೆ?"

"ಅಚ್ಚುತನನ್ನು ಝಾನ್ಸಿಯಿಂದ ಕರೆಸಿದ್ದರು. ಅವನು ನನ್ನ ಪಕ್ಕದಲ್ಲೇ ನಿಂತು ಕೇಳ್ತಾ ಇದ್ದ." ಮೇದಪ್ಪನ ದನಿ ಸ್ವಲ್ಪ ಒಡೆಯಿತು. "ನೀವು ಬರೆದದ್ದರಲ್ಲಿ ಅಚ್ಚುತ ಇದ್ದದ್ದು ವಿಳಾಸದಲ್ಲಿ ಮಾತ್ರ ಮಾವ. ಮೂರು ವರ್ಷ ನಾನು ಅವನಿಗೆ ದಾಲು, ಚಳಿ ಬಿಟ್ಟು ಬೇರೆ ಎಂತದೂ ಬರೆದೇ ಇಲ್ಲ ಅಂತ ಆಗಿತ್ತು. ಅವನ ಎದುರು ನಿಂತು ಅದಕ್ಕೆ ಹೌದು ಅಂತ ಹೇಗೆ ಹೇಳುದು?"

ಗೌಡರು ಕುರ್ಚಿಯ ಕೈ ಹಿಡಿದರು.

"ಸಾಹೇಬರಿಗೆ ನಾನೇ ಹಿಂದಿಯಲ್ಲಿ ಏಳನ್ನೂ ಬಾಯಿಪಾಠ ಹೇಳಿದೆ. ಎಪ್ಪತ್ತೊಂದರಲ್ಲಿ ಗಾಡಿ ಓಡಿಸಿದವನೂ ನಾನೇ, ಇದನ್ನು ಬರೆದವನೂ ನಾನೇ, ಎರಡನ್ನೂ ಸೇರಿಸಿ ಇಟ್ಟುಕೊಳ್ಳುದಾದರೆ ಇಟ್ಟುಕೊಳ್ಳಿ ಅಂದೆ. ಆಗುದಿಲ್ಲ ಅಂದರು. ಜೈಲು ತಪ್ಪಿಸಿದ್ದೇ ಅವರ ದೊಡ್ಡ ಮನಸ್ಸು. ಇಬ್ಬರನ್ನೂ ವಜಾ ಮಾಡಿದರು."

"ಮಿಲಿಟರಿಯಲ್ಲಿ ಎಲ್ಲರೂ ಎಂತಾದರೂ ಒಂದು ಮುಚ್ಚಿಟ್ಟುಕೊಂಡೇ ಇರುದು ಮೇದಪ್ಪ."

"ನೀವು ಎಂತ ಮುಚ್ಚಿಟ್ಟದ್ದು? ಅತ್ತೆಯ ಫೋಟೊವನ್ನು ಪೆಟ್ಟಿಗೆಯ ಮುಚ್ಚಳಕ್ಕೇ ಅಂಟಿಸಿದ್ದಿರಿ ಅಂತ ನೀವೇ ಹೇಳಿದ್ದಲ್ಲವಾ? ತಪಾಸಣೆಗೆ ಬಂದವರು ಅದನ್ನು ನೋಡಿ ನಗಾಡಿ ಹೋಗ್ತಿದ್ದರು. ನಮ್ಮದು ಕಂಡ ಕೂಡಲೇ ಕಾವಲುಕೋಣೆ."

ವಾದದಲ್ಲಿ ಸೋತು ಅಭ್ಯಾಸವಿಲ್ಲದ ಗೌಡರು ಕನ್ನಡಕ ತೆಗೆದು ಒರೆಸಿದರು, ಮತ್ತೆ ಹಾಕಿದರು. ಆಮೇಲೆ ಎದ್ದು ಒಳಗಿನಿಂದ ಬಿಳಿ ಕಾಗದದ ದಸ್ತು ತಂದು ಮೇಜಿನ ಮೇಲೆ ಇಟ್ಟು ಪೆನ್ನಿನ ಮುಚ್ಚಳ ತೆಗೆದರು.

"ಹೇಳು. ಮೊದಲನೇ ಕಾಗದದಿಂದ. ಸರಿಯಾದ್ದನ್ನು ಬರೆದು ಕಳಿಸ್ತೇನೆ."

"ನಿಮ್ಮ ಸಹಿ ಇನ್ನು ನಡೆಯುದಿಲ್ಲ ಅಂತ ಬರೆದಿದ್ದಾರಂತಲ್ಲ. ಎಂತಕ್ಕೆ?"

"ಅವರು ತೆಗೆದುಕೊಳ್ಳದಿದ್ದರೆ ಬೇಡ. ಫೈಲಿನಲ್ಲಿ ನಾನು ಹೊಡೆದ ಸುಳ್ಳು ಒಂದೇ ಇರಬಾರದು. ಇದರ ಕೆಳಗೆ ಇನ್ನೂ ಒಂದು ಬರೆಯಲಿಕ್ಕುಂಟು. ಈ ಹುಡುಗನ ನಡತೆಗೆ ಎಪ್ಪತ್ತರಲ್ಲಿ ಸಹಿ ಹಾಕಿದವನು ನಾನು. ಈ ಏಳು ಕಾಗದ ಓದಿದ ಮೇಲೂ ಆ ಸಹಿಯನ್ನು ಹಿಂದೆ ತೆಗೆಯುದಿಲ್ಲ. ಹೇಳು."

ಮೇದಪ್ಪ ಹೇಳತೊಡಗಿದ. ಮೊದಲು ಮೆಲ್ಲಗೆ, ಆಮೇಲೆ ಸಾಧಾರಣ ದನಿಯಲ್ಲಿ. ಗೌಡರು ಒಂದೊಂದೇ ಸಾಲನ್ನು ಇಂಗ್ಲಿಷಿಗೆ ಇಳಿಸುತ್ತ ಹೋದರು. ಅಂಗೈಯ ಸಾಲಿನಲ್ಲಿ ಈ ಸಲ ಪೆನ್ನು ನಿಲ್ಲಲಿಲ್ಲ. ಸೇವಂತಿ ಬಾಗಿಲ ದಾರಂದಕ್ಕೆ ಒರಗಿ ಕೂತಿದ್ದರು. ಮೂರನೇ ಕಾಗದ ನಡೆಯುತ್ತಿರುವಾಗ ಮೆಟ್ಟಿಲ ಬಳಿ ನೆರಳಾಯಿತು. ಗಂಜಿಗೆ ಹೊತ್ತಾಯಿತೆಂದು ಮಗನನ್ನು ಹುಡುಕಿಕೊಂಡು ಬಂದ ಕಮಲಾವತಿ ಅಲ್ಲೇ ನಿಂತಿದ್ದಳು. ಎಷ್ಟು ಹೊತ್ತಿಂದ ನಿಂತಿದ್ದಳೋ. ಇದು ಅವಳ ಮನೆಮಾತು. ಇಲ್ಲಿ ಅವಳಿಗೆ ಯಾರ ತರ್ಜುಮೆಯೂ ಬೇಕಿರಲಿಲ್ಲ.

ಗೌಡರ ಪೆನ್ನು ನಿಂತಿತು. ಸೇವಂತಿ ಅರ್ಧ ಎದ್ದರು. ಮೇದಪ್ಪ ಅಮ್ಮನನ್ನು ನೋಡಿದ.

"ಬರೀರಿ ಮಾವ" ಎಂದ.

ನಾಲ್ಕನೆಯದು ಹೇಳಿದ, ಐದನೆಯದು ಹೇಳಿದ. ಅಮ್ಮ ಹೆಣ್ಣು ತೋರಿಸುವ ಸಾಲು ಬಂದಾಗ ಅವಳ ಎದುರೇ ಹೇಳಿದ. ಕಮಲಾವತಿ ಮೆಲ್ಲನೆ ಮೆಟ್ಟಿಲ ಮೇಲೆ ಕುಳಿತಳು. ಒಮ್ಮೆ ಮುಖಕ್ಕೆ ಸೆರಗು ಅಡ್ಡ ಹಿಡಿದಳು, ಒಮ್ಮೆ ಎದ್ದು ಹೋಗುವವಳಂತೆ ಕೈ ಊರಿದಳು, ಹೋಗಲಿಲ್ಲ. ಮೇದಪ್ಪ ಏಳನೆಯದರ ಕೊನೆಯ ಸಾಲನ್ನೂ ಹೇಳಿ ಮುಗಿಸಿದ. ಹಟ್ಟಿಯಲ್ಲಿ ದನವೊಂದು ಕೊರಳ ಗಂಟೆ ಅಲ್ಲಾಡಿಸಿದ್ದು ಚಾವಡಿಗೆ ಕೇಳಿಸಿತು.

"ನನಗೆ ಇದೆಲ್ಲ ತಲೆಗೆ ಹೋಗುದಿಲ್ಲ" ಎಂದಳು ಕಮಲಾವತಿ, ಯಾರ ಮುಖವನ್ನೂ ನೋಡದೆ. ಆಮೇಲೆ ಕೇಳಿದಳು: "ಅವನನ್ನೂ ಕಳಿಸಿಬಿಟ್ಟರಾ?"

"ಹೌದು ಅಮ್ಮ."

"ಅವನ ಮನೆಯಲ್ಲಿ ಒಳಗೆ ಸೇರಿಸಿದರಾ?"

ಮೇದಪ್ಪ ಇಲ್ಲವೆಂದು ತಲೆಯಾಡಿಸಿದ. "ಅಣ್ಣಂದಿರು ಬಾಗಿಲು ತೆಗೆಯಲಿಲ್ಲ."

"ಹಾಗಾದರೆ ಊಟ ಎಲ್ಲಿ ಅವನಿಗೆ?"

ಕರ್ನಲ್ ಸಾಹೇಬರ ಎದುರು ಅಳದ ಮೇದಪ್ಪ ಆಗ ಕಂಬಕ್ಕೆ ಹಣೆ ಒತ್ತಿ ಅತ್ತ. ಕುಕ್ಕಪ್ಪ ಗೌಡರು ತಲೆ ಎತ್ತಲಿಲ್ಲ, ಕಾಗದದ ಮೇಲೆ ಬಿದ್ದ ಹನಿಯನ್ನು ಅಂಗೈಯಿಂದ ಒರೆಸಿ, ಎಪ್ಪತ್ತರ ಸಹಿಯ ಸಾಲು ಬರೆದರು.